ರೋಡ್‌ಕಿಂಗ್‌ಗೆ ಹೊಸ ಟ್ಯಾಂಕ್: ಮೊದಲು ಮುಚ್ಚಳ ನೋಡಿ, ಆಮೇಲೆ ಕಾರ್ಬುರೇಟರ್

ಪ್ರಶ್ನೆ: ಸರ್, ನಮ್ಮಪ್ಪ 1988ರಲ್ಲಿ ಕೊಂಡ ಯೆಜ್ಡಿ ರೋಡ್‌ಕಿಂಗ್ ಹಲವು ವರ್ಷ ಕೊಟ್ಟಿಗೆಯಲ್ಲೇ ನಿಂತಿತ್ತು. ಈಗ ಎಂಜಿನ್ ಕೆಲಸ ಮಾಡಿಸಿದ್ದೇನೆ. ಟ್ಯಾಂಕ್ ಒಳಗೆ ತುಕ್ಕು ಹಿಡಿದು ತಳದಲ್ಲಿ ಎರಡು ಕಡೆ ಹನಿ ಸೋರುತ್ತಿತ್ತು. ಎಂ-ಸೀಲ್ ಹಚ್ಚಿಸಿದೆ, ಸ್ವಲ್ಪ ದಿನಕ್ಕೆ ಮತ್ತೆ ಸೋರಿತು. ಆಮೇಲೆ ಆನ್‌ಲೈನ್‌ನಲ್ಲಿ ಹೊಸ ಟ್ಯಾಂಕ್ ಮತ್ತು ಕೀ ಇರುವ ಹೊಸ ಕ್ಯಾಪ್ ತರಿಸಿದೆ. ಟ್ಯಾಂಕಿನ ತೂತು ಫ್ರೇಮಿನ ತೂತಿಗೆ ಸರಿಯಾಗಿ ಕೂರಲಿಲ್ಲ. ಮೆಕ್ಯಾನಿಕ್ ಎಳೆದು ಬೋಲ್ಟ್ ಬಿಗಿದರು. ಈಗ ಎಂಟು ಹತ್ತು ಕಿಲೋಮೀಟರ್ ಹೋದರೆ ಗಾಡಿ ನಿಂತುಬಿಡುತ್ತದೆ. ಕಾಲು ಗಂಟೆ ಬಿಟ್ಟು ಒದ್ದರೆ ಮತ್ತೆ ಸ್ಟಾರ್ಟ್. ಟ್ಯಾಂಕ್ ತುಂಬಿಸಿದ ದಿನ ಬ್ರೇಕ್ ಹಾಕಿದರೆ ಕ್ಯಾಪ್ ಸುತ್ತ ಪೆಟ್ರೋಲ್ ಒಸರುತ್ತದೆ. ಕಾರ್ಬುರೇಟರ್ ಬದಲಿಸಿ ಅಂತ ಮೆಕ್ಯಾನಿಕ್ ಹೇಳುತ್ತಾರೆ. ಫೈಬರ್ ಟ್ಯಾಂಕ್ ಹಾಕು ಅಂತ ಗೆಳೆಯ. ಹಳೇದನ್ನೇ ವೆಲ್ಡ್ ಮಾಡಿಸು ಅಂತ ಚಿಕ್ಕಪ್ಪ. ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸಿದ ಇ20 ಪೆಟ್ರೋಲ್‌ನಿಂದಲೇ ಇದೆಲ್ಲ ಅಂತ ಇನ್ನೊಬ್ಬರು. ಹಳೆ ಟ್ಯಾಂಕ್ ಅಟ್ಟದ ಮೇಲಿದೆ. ಏನು ಮಾಡಲಿ?
— ಅರಸೀಕೆರೆಯ ಓದುಗರೊಬ್ಬರು

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ತೊಂದರೆಗಳಿವೆ. ಒಂದು, ಗಾಡಿ ನಿಲ್ಲುವುದು. ಎರಡು, ಕ್ಯಾಪ್ ಸೋರುವುದು. ಮೂರು, ಟ್ಯಾಂಕ್ ಸರಿಯಾಗಿ ಕೂರದಿರುವುದು. ಎಲ್ಲರೂ ಮೂರನ್ನೂ ಸೇರಿಸಿ ಒಂದೇ ಮದ್ದು ಹೇಳುತ್ತಿದ್ದಾರೆ, ಅದಕ್ಕೇ ನಿಮಗೆ ಗೊಂದಲ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಟ್ಟದ ಮೇಲಿನ ಹಳೆ ಟ್ಯಾಂಕನ್ನು ಯಾವ ಕಾರಣಕ್ಕೂ ಗುಜರಿಗೆ ಹಾಕಬೇಡಿ. ಯಾಕೆ ಅಂತ ಮುಂದೆ ಬರುತ್ತೇನೆ.

ಕಾರ್ಬುರೇಟರ್‌ಗೆ, ಅಂದರೆ ಪೆಟ್ರೋಲ್‌ಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಭಾಗಕ್ಕೆ, ದುಡ್ಡು ಹಾಕುವ ಮುಂಚೆ ಒಂದು ಪರೀಕ್ಷೆ ಮಾಡಿ. ಇದಕ್ಕೆ ಖರ್ಚೇ ಇಲ್ಲ. ಗಾಡಿ ನಿಂತ ತಕ್ಷಣ, ಕಾಯದೆ, ಪೆಟ್ರೋಲ್ ಕ್ಯಾಪ್ ತೆಗೆಯಿರಿ. ಅಕ್ಕಪಕ್ಕ ಬೀಡಿ ಸಿಗರೇಟು ಇರಬಾರದು. ತೆಗೆಯುವಾಗ ಗಾಳಿ ಒಳಗೆ ಎಳೆದುಕೊಂಡ ‘ಸುಸ್’ ಶಬ್ದ ಬರುತ್ತಾ, ಗಮನಿಸಿ. ಅರ್ಧ ನಿಮಿಷ ಬಿಟ್ಟು ಮತ್ತೆ ಮುಚ್ಚಿ ಒದೆಯಿರಿ. ಸ್ಟಾರ್ಟ್ ಆಗಿ ಮತ್ತೆ ಅಷ್ಟೇ ದೂರ ಓಡಿದರೆ ತಪ್ಪು ಕಾರ್ಬುರೇಟರ್‌ದಲ್ಲ, ನಿಮ್ಮ ಹೊಸ ಕ್ಯಾಪ್‌ದು.

ಕಾರಣ ಸರಳ. ಯೆಜ್ಡಿಯಲ್ಲಿ ಪೆಟ್ರೋಲ್ ಪಂಪ್ ಇಲ್ಲ. ಟ್ಯಾಂಕ್ ಮೇಲೆ, ಕಾರ್ಬುರೇಟರ್ ಕೆಳಗೆ, ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಇಳಿಯಬೇಕು. ಎಷ್ಟು ಪೆಟ್ರೋಲ್ ಕೆಳಗೆ ಇಳಿಯುತ್ತೋ ಅಷ್ಟು ಗಾಳಿ ಮೇಲಿಂದ ಒಳಗೆ ಬರಬೇಕು. ಆ ಗಾಳಿಗೆ ಕ್ಯಾಪಿನಲ್ಲೇ ಒಂದು ಸಣ್ಣ ತೂತಿನ ದಾರಿ ಇರುತ್ತದೆ. ಆ ದಾರಿ ಮುಚ್ಚಿದ್ದರೆ ಟ್ಯಾಂಕ್ ಒಳಗೆ ನಿರ್ವಾತ ಬೆಳೆಯುತ್ತಾ ಹೋಗುತ್ತದೆ. ಪೆಟ್ರೋಲ್ ಮಟ್ಟಕ್ಕೂ ಕಾರ್ಬುರೇಟರ್‌ನ ಬಟ್ಟಲಿಗೂ 20 ಸೆಂಟಿಮೀಟರ್ ಎತ್ತರದ ವ್ಯತ್ಯಾಸ ಇದೆ ಅಂದುಕೊಳ್ಳಿ. ಅಷ್ಟು ಎತ್ತರದ ಪೆಟ್ರೋಲ್ ಕೊಡುವ ಒತ್ತಡ, ಹೊರಗಿನ ಗಾಳಿಯ ಒತ್ತಡದಲ್ಲಿ ನೂರಕ್ಕೆ ಒಂದೂವರೆ ಪಾಲು ಮಾತ್ರ. ಅಂದರೆ ತುಂಬ ಕಮ್ಮಿ ನಿರ್ವಾತ ಇದ್ದರೂ ಇಳಿಯುವುದು ನಿಲ್ಲುತ್ತದೆ. ಟ್ಯಾಂಕ್ ತುಂಬಿದ್ದಾಗ ಮೇಲೆ ಗಾಳಿಗೆ ಜಾಗ ಕಮ್ಮಿ, ಹಾಗಾಗಿ ಬೇಗ ನಿಲ್ಲುತ್ತದೆ. ಅರ್ಧ ಖಾಲಿ ಇದ್ದಾಗ ಸ್ವಲ್ಪ ಜಾಸ್ತಿ ದೂರ ಓಡುತ್ತದೆ. ನಿಮ್ಮ ಗಾಡಿ ಹೀಗೆ ಮಾಡುತ್ತಾ ಅಂತ ನೆನಪು ಮಾಡಿಕೊಳ್ಳಿ, ಅದೇ ಒಂದು ಸುಳಿವು.

ಕಾಲು ಗಂಟೆ ಬಿಟ್ಟರೆ ಯಾಕೆ ಸರಿಹೋಗುತ್ತದೆ? ಕ್ಯಾಪ್ ಕೆಳಗಿನ ರಬ್ಬರ್ ಬಳೆ, ಅಂದರೆ ಗ್ಯಾಸ್ಕೆಟ್, ಅದರ ಸಂದಿಯಿಂದ ನಿಧಾನವಾಗಿ ಗಾಳಿ ನುಸುಳುತ್ತದೆ. ಬಿಸಿ ಎಂಜಿನ್ ಮೇಲೆ ಕೂತ ಟ್ಯಾಂಕಿನಲ್ಲಿ ಪೆಟ್ರೋಲ್ ಆವಿಯಾಗಿಯೂ ಒತ್ತಡ ಮೇಲೇಳುತ್ತದೆ.

‘ಕ್ಯಾಪ್ ಸೋರುತ್ತೆ ಅಂದಮೇಲೆ ಗಾಳಿ ಒಳಗೆ ಹೋಗಲ್ವಾ’ ಅಂತ ನೀವು ಕೇಳಬಹುದು. ಒಳ್ಳೆ ಪ್ರಶ್ನೆ. ನಿರ್ವಾತ ಕ್ಯಾಪನ್ನು ಕೆಳಗೆ ಎಳೆದು ಗ್ಯಾಸ್ಕೆಟ್ ಮೇಲೆ ಒತ್ತಿ ಕೂರಿಸುತ್ತದೆ. ಪೆಟ್ರೋಲ್‌ನಲ್ಲಿ ನೆಂದ ರಬ್ಬರ್ ಇನ್ನೂ ಚೆನ್ನಾಗಿ ಅಂಟಿಕೊಳ್ಳುತ್ತದೆ. ಬ್ರೇಕ್ ಹಾಕಿದಾಗ ಆಗುವುದು ಇದರ ಉಲ್ಟಾ. ಪೆಟ್ರೋಲ್ ಮುನ್ನುಗ್ಗಿ ಕೆಳಗಿನಿಂದ ಕ್ಯಾಪಿಗೆ ಬಡಿಯುತ್ತದೆ. ಕ್ಯಾಪನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ಪಟ್ಟಿ ಸಡಿಲ ಇದ್ದರೆ ಗ್ಯಾಸ್ಕೆಟ್ ಎದ್ದು ಸೋರುತ್ತದೆ. ಹಾಗಾಗಿ ಒಂದೇ ಕ್ಯಾಪ್ ಎರಡು ತಪ್ಪನ್ನೂ ಒಟ್ಟಿಗೆ ಮಾಡಬಹುದು. ಬಿಸಿಲಲ್ಲಿ ನಿಲ್ಲಿಸಿದ ಗಾಡಿಯಲ್ಲಿ ಗಾಳಿದಾರಿ ಕಟ್ಟಿದ್ದರೆ ಇನ್ನೊಂದು ತೊಂದರೆ ಇದೆ. ಒಳಗೆ ಒತ್ತಡ ಏರಿ, ಕಾಕ್ (ಟ್ಯಾಂಕಿನ ಕೆಳಗಿನ ಪೆಟ್ರೋಲ್ ನಲ್ಲಿ) ತೆರೆದಿದ್ದರೆ ಪೆಟ್ರೋಲ್ ತಡೆಯುವ ಕಾರ್ಬುರೇಟರ್‌ನ ಸೂಜಿಯನ್ನೂ ದಾಟಿ ಪೆಟ್ರೋಲ್ ಎಂಜಿನ್‌ಗೆ ಇಳಿಯುತ್ತದೆ. ಹಳೆ ಜಾವಾ-ಯೆಜ್ಡಿಗಳ ಜಿಕಾವ್ ಕಾರ್ಬುರೇಟರ್ ‘ಸುಮ್ನೆ ಉಕ್ಕುತ್ತೆ’ ಅಂತ ಬೈಸಿಕೊಳ್ಳುವುದರಲ್ಲಿ ಒಂದು ಪಾಲು ಮುಚ್ಚಳದ್ದು. ನಿಲ್ಲಿಸಿದಾಗ ಕಾಕ್ ಮುಚ್ಚುವ ಅಭ್ಯಾಸ ಬಿಡಬೇಡಿ.

ಮುಚ್ಚಳ ತೆರೆದರೂ ಗಾಡಿ ಸ್ಟಾರ್ಟ್ ಆಗದಿದ್ದರೆ ಆಗ ಬೇರೆ ಕಡೆ ನೋಡಬೇಕು. ಪೆಟ್ರೋಲ್ ಸಾಲದೆ ನಿಲ್ಲುವ ಗಾಡಿ ಮೊದಲು ಎಳೆತ ಕಳೆದುಕೊಂಡು, ಮುಗ್ಗರಿಸಿ, ಆಮೇಲೆ ನಿಲ್ಲುತ್ತದೆ. ಪ್ಲಗ್‌ಗೆ ಕಿಡಿ ಕೊಡುವ ಕಾಯಿಲ್ ಅಥವಾ ಕಂಡೆನ್ಸರ್ ಬಿಸಿಗೆ ಕೈಕೊಟ್ಟರೆ ಸಾಮಾನ್ಯವಾಗಿ ಸ್ವಿಚ್ ಆಫ್ ಮಾಡಿದಂತೆ ಒಮ್ಮೆಲೇ ನಿಲ್ಲುತ್ತದೆ. ಅದೂ ತಣ್ಣಗಾದರೆ ಸ್ಟಾರ್ಟ್ ಆಗುತ್ತದೆ, ಅದಕ್ಕೇ ಇವೆರಡನ್ನೂ ಅದಲು ಬದಲು ಮಾಡಿಕೊಳ್ಳುವುದು ಜಾಸ್ತಿ. ನಿಂತ ಜಾಗದಲ್ಲೇ ಪ್ಲಗ್ ಬಿಚ್ಚಿ ಕಿಡಿ ನೋಡುವುದಾದರೆ ಮೊದಲು ಕ್ಯಾಪ್ ಮುಚ್ಚಿ, ಕಾಕ್ ಬಂದ್ ಮಾಡಿ. ಪ್ಲಗ್ ತೂತಿನಿಂದಲೂ ಪೆಟ್ರೋಲ್ ಆವಿ ಬರುತ್ತದೆ, ಹಾಗಾಗಿ ಕಿಡಿಯನ್ನು ಅದರಿಂದ ದೂರ ಇಟ್ಟು ನೋಡಿ.

ಇನ್ನೊಂದು ಅಳತೆ ಮನೆಯಲ್ಲೇ, ತಣ್ಣನೆ ಎಂಜಿನ್ ಮೇಲೆ ಮಾಡಬಹುದು. ಕಾರ್ಬುರೇಟರ್ ಕಡೆಯ ಪೈಪ್ ಬಿಚ್ಚಿ ಅಳತೆ ಇರುವ ಡಬ್ಬಿಗೆ ಬಿಡಿ. ಕ್ಯಾಪ್ ಮುಚ್ಚಿಯೇ ಇರಲಿ. 250 ಸಿಸಿ ಟೂ ಸ್ಟ್ರೋಕ್ ಜೋರಾಗಿ ಓಡುವಾಗ, ಲೀಟರ್‌ಗೆ 20 ಕಿಲೋಮೀಟರ್ ಅಂತ ಹಿಡಿದರೂ, 80ರ ವೇಗದಲ್ಲಿ ಗಂಟೆಗೆ 4 ಲೀಟರ್ ಕುಡಿಯುತ್ತದೆ. ಅಂದರೆ ನಿಮಿಷಕ್ಕೆ ಸುಮಾರು 70 ಮಿಲಿಲೀಟರ್. ಡಬ್ಬಿಗೆ ನಿಮಿಷಕ್ಕೆ 200 ಬಂದರೆ ಧಾರಾಳ. ಮುಖ್ಯ ಏನೆಂದರೆ ಒಂದು ಲೀಟರ್ ಇಳಿಯುವ ತನಕ ಧಾರೆ ಸಣ್ಣಗಾಗಬಾರದು. ಸಣ್ಣಗಾಗಿ, ಕ್ಯಾಪ್ ತೆಗೆದ ಕೂಡಲೇ ದಪ್ಪಗಾದರೆ ಉತ್ತರ ಸಿಕ್ಕಿತು. ಕ್ಯಾಪ್ ತೆಗೆದರೂ ಸಣ್ಣಗೇ ಇದ್ದರೆ ಕಾಕ್‌ನ ಜಾಲರಿ ಅಥವಾ ಪೈಪ್ ಕಟ್ಟಿದೆ. ಕಾರುಗಳಿಗೆ ಮಾಡಿದ ಪೇಪರ್ ಫಿಲ್ಟರ್ ಯಾರಾದರೂ ಮಧ್ಯೆ ಸಿಕ್ಕಿಸಿದ್ದರೆ ತೆಗೆದುಬಿಡಿ. ಪಂಪ್ ಇಲ್ಲದ ಗಾಡಿಯಲ್ಲಿ ಅದು ಅಡ್ಡಗಾಲು, ಅದರಲ್ಲೂ ಟೂಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನ್‌ಗೆ ಪೆಟ್ರೋಲ್ ಜೊತೆ ಬೆರೆಸುವ ಎಣ್ಣೆ) ಬೆರೆತ ಪೆಟ್ರೋಲ್‌ಗೆ. ಸಣ್ಣ ಜಾಲರಿ ಫಿಲ್ಟರ್ ಸಾಕು. ಪೈಪ್ ಎಲ್ಲೂ ಮೇಲೆದ್ದು ಕೆಳಗೆ ಬೀಳುವ ಹಾಗೆ ಇರಬಾರದು, ಅಲ್ಲಿ ಗಾಳಿ ಗುಳ್ಳೆ ಕೂರುತ್ತದೆ.

ಕ್ಯಾಪ್ ಕೊಳ್ಳುವಾಗ

ಕೀ ಇರುವ ಕ್ಯಾಪ್‌ಗಳು ಹಲವು ಬೈಕ್‌ಗಳಿಗೆ ಹೊಂದುವ ಹಾಗೆ ಮಾಡಿ ಮಾರುವ ಮಾಲು. ಗಾಳಿಗೆ ಟ್ಯಾಂಕಿನಲ್ಲೇ ಬೇರೆ ಪೈಪ್ ಇರುವ ಬೈಕ್‌ಗಳಿವೆ. ಅಂಥದಕ್ಕೆ ಮಾಡಿದ ಕ್ಯಾಪ್‌ನಲ್ಲಿ ತೂತೇ ಇರುವುದಿಲ್ಲ. ಅದನ್ನು ನಿಮ್ಮ ಟ್ಯಾಂಕಿಗೆ ಹಾಕಿದರೆ ಸರಿಯಾಗಿ ಕೂತರೂ ಗಾಡಿ ಓಡುವುದಿಲ್ಲ. ಕೊಳ್ಳುವ ಮುಂಚೆ ಕ್ಯಾಪಿನ ಒಳಬದಿಯ ತೂತಿಗೆ ಬಾಯಿಟ್ಟು ಊದಿ ನೋಡಿ. ಗಾಳಿ ಸಲೀಸಾಗಿ ಹೋಗಬೇಕು. ಒಂದೇ ಕಡೆ ಹೋಗುವ ಕವಾಟ ಇರುವ ಕ್ಯಾಪ್ ಆದರೆ ಹೊರಗಿನಿಂದ ಒಳಕ್ಕೆ ಹೋಗಲೇಬೇಕು. ಇದನ್ನು ಹೊಸ ಕ್ಯಾಪ್‌ನಲ್ಲಿ ಮಾತ್ರ ಮಾಡಿ, ಪೆಟ್ರೋಲ್ ಮುಟ್ಟಿದ್ದರ ಮೇಲೆ ಬಾಯಿ ಇಡಬೇಡಿ. ಅದಕ್ಕೆ ಸಣ್ಣ ಪೈಪ್ ಹಿಡಿದು ಪಂಪಿನಿಂದ ಊದಿ.

‘ಒಂದು ಡ್ರಿಲ್ ಹೊಡೆದರೆ ಆಯ್ತಲ್ಲ’ ಅನ್ನುವವರು ಇದ್ದಾರೆ. ನೇರವಾಗಿ ತೂತು ಹೊಡೆದರೆ ಗಾಡಿ ಓಡುತ್ತದೆ, ಸುಳ್ಳಲ್ಲ. ಆದರೆ ಬ್ರೇಕ್ ಹಾಕಿದಾಗಲೆಲ್ಲ ಅದೇ ತೂತಿನಿಂದ ಪೆಟ್ರೋಲ್ ಚಿಮ್ಮುತ್ತದೆ. ಮಳೆಯಲ್ಲಿ ಅದೇ ದಾರಿಯಲ್ಲಿ ನೀರು ಒಳಗೆ ಇಳಿಯುತ್ತದೆ. ಮಲೆನಾಡಿನ ಕಡೆ ಮಳೆಗಾಲದಲ್ಲಿ ಓಡಾಡುವ ಗಾಡಿಗೆ ಇದು ಕೇಡು. ಒಳ್ಳೆ ಕ್ಯಾಪ್‌ನಲ್ಲಿ ಎರಡು ತಗಡಿನ ಮಧ್ಯೆ ಗಾಳಿ ಸುತ್ತಿ ಬರುವ ದಾರಿ ಇರುತ್ತದೆ. ಒಳಗಿನ ತೂತು ಒಂದು ಕಡೆ, ಹೊರಗಿನ ತೂತು ಇನ್ನೊಂದು ಕಡೆ. ಹಳೆ ಒರಿಜಿನಲ್ ಕ್ಯಾಪ್ ನಿಮ್ಮ ಹತ್ತಿರ ಇದ್ದರೆ ಅದನ್ನೇ ಬಿಸಿ ಸೋಪು ನೀರಿನಲ್ಲಿ ನೆನೆಸಿ, ಸಣ್ಣ ತಂತಿಯಿಂದ ದಾರಿ ಬಿಡಿಸಿ, ಹೊಸ ಗ್ಯಾಸ್ಕೆಟ್ ಹಾಕಿ. ಹೆಚ್ಚಿನ ಸಲ ಅಷ್ಟೇ ಬೇಕಾಗಿರುವುದು. ಇಷ್ಟು ವರ್ಷ ನಿಂತ ಗಾಡಿಯ ಕ್ಯಾಪ್‌ನಲ್ಲಿ ಕಣಜದ ಹುಳ ಮಣ್ಣು ಮೆತ್ತಿರುವುದೂ ಉಂಟು.

ಗ್ಯಾಸ್ಕೆಟ್‌ಗೆ ಸೈಕಲ್ ಟ್ಯೂಬ್ ಕತ್ತರಿಸಿ ಹಾಕುವುದು ನಮ್ಮೂರುಗಳ ಹಳೆ ಪದ್ಧತಿ. ಆ ರಬ್ಬರ್ ಪೆಟ್ರೋಲ್‌ನಲ್ಲಿ ಉಬ್ಬಿ ಮೆತ್ತಗಾಗುತ್ತದೆ. ನೈಟ್ರೈಲ್ ರಬ್ಬರ್ ಕೇಳಿ. ವೈಟಾನ್ ಸಿಕ್ಕಿದರೆ ಇನ್ನೂ ಒಳ್ಳೆಯದು, ಎಥನಾಲ್‌ಗೂ ತಡೆಯುತ್ತದೆ. ಗ್ಯಾಸ್ಕೆಟ್ ಎಲ್ಲ ಕಡೆ ಮುಟ್ಟುತ್ತಾ ಅಂತ ತಿಳಿಯಲು ಟ್ಯಾಂಕ್ ಬಾಯಿಯ ಅಂಚಿಗೆ ಸೀಮೆಸುಣ್ಣ ಸವರಿ, ಕ್ಯಾಪ್ ಹಾಕಿ ತೆಗೆಯಿರಿ. ರಬ್ಬರ್ ಮೇಲೆ ಪೂರ್ತಿ ಉಂಗುರ ಮೂಡಬೇಕು. ಒಂದು ಕಡೆ ಬಿಟ್ಟಿದ್ದರೆ ಬಾಯಿಯೇ ಸೊಟ್ಟಗಿದೆ. ಲೋಕಲ್ ಟ್ಯಾಂಕ್‌ಗಳಲ್ಲಿ ನಾನು ಮೊದಲು ನೋಡುವುದೇ ಈ ಬಾಯಿಯನ್ನು. ಬಣ್ಣ ಎಷ್ಟೇ ಚೆಂದ ಇರಲಿ, ಬಾಯಿ ಸೊಟ್ಟ ಇದ್ದರೆ ಯಾವ ಕ್ಯಾಪ್ ಹಾಕಿದರೂ ಸೋರುತ್ತದೆ. ಅದನ್ನು ಟಿಂಕರ್ ಕೈಯಲ್ಲಿ ಸಮ ಮಾಡಿಸಬಹುದು, ಆದರೆ ಟ್ಯಾಂಕಿಗೆ ಪೆಟ್ರೋಲ್ ಬೀಳುವ ಮುಂಚೆ ಮಾತ್ರ.

ಕೂರದ ಟ್ಯಾಂಕ್

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕ್ ಮಾಡಲು ಶುರು ಮಾಡಿ 1996ರಲ್ಲಿ ಮುಚ್ಚಿತು. ಅಂದಮೇಲೆ ಇವತ್ತು ‘ಹೊಸ ಯೆಜ್ಡಿ ಟ್ಯಾಂಕ್’ ಅಂತ ಸಿಗುವುದು ಎರಡೇ ಬಗೆ. ಯಾವುದೋ ಅಂಗಡಿಯ ಮೂಲೆಯಲ್ಲಿ ಉಳಿದುಹೋದ ಹಳೆ ಸ್ಟಾಕ್, ಇಲ್ಲವೇ ಒಂದು ಟ್ಯಾಂಕನ್ನು ಮಾದರಿ ಇಟ್ಟು ಯಾರೋ ಮಾಡಿದ ನಕಲು. ಮೊದಲನೆಯದು ಸಿಗುವುದು ಅಪರೂಪ. ಎರಡನೆಯದರಲ್ಲೂ ಒಳ್ಳೆ ಕೆಲಸ ಇದೆ, ಕೆಟ್ಟ ಕೆಲಸವೂ ಇದೆ. 2018ರ ಮೇಲೆ ಬಂದ ಹೊಸ ಜಾವಾ, 2022ರಲ್ಲಿ ಬಂದ ಹೊಸ ಯೆಜ್ಡಿಗಳ ಟ್ಯಾಂಕ್ ಹಾಕಬಹುದಾ ಅಂತಲೂ ಕೆಲವರು ಕೇಳುತ್ತಾರೆ. ಅವು ಪೂರ್ತಿ ಬೇರೆ ಗಾಡಿಗಳು. ಹೆಸರು ಮಾತ್ರ ಒಂದೇ.

ನಕಲು ಟ್ಯಾಂಕಿನ ತೂತು ಸ್ವಲ್ಪ ಆಚೀಚೆ ಇರುವುದು ಮಾಮೂಲು. ಆದರೆ ‘ಎಳೆದು ಬಿಗಿದರು’ ಅಂತ ನೀವು ಬರೆದದ್ದು ನನಗೆ ಗಾಡಿ ನಿಲ್ಲುವುದಕ್ಕಿಂತ ಜಾಸ್ತಿ ಚಿಂತೆ ತಂದಿದೆ. ಟ್ಯಾಂಕ್ ರಬ್ಬರ್ ಬುಷ್‌ಗಳ ಮೇಲೆ ಸಡಿಲವಾಗಿ ತೇಲುವ ಹಾಗೆ ಕೂರಬೇಕು. ಎಳೆದು ಬಿಗಿದ ಟ್ಯಾಂಕಿನ ತಗಡು ಯಾವಾಗಲೂ ಸೆಟೆದೇ ಇರುತ್ತದೆ. ಅದರ ಮೇಲೆ ಟೂ ಸ್ಟ್ರೋಕ್‌ನ ನಡುಕ. ಬ್ರಾಕೆಟ್ ಬೆಸೆದ ಜಾಗದಲ್ಲಿ ಕೂದಲೆಳೆ ಬಿರುಕು ಬಿಟ್ಟು, ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಹನಿಯಲು ಶುರುವಾಗುತ್ತದೆ. ಆ ಬೋಲ್ಟ್‌ಗಳನ್ನು ಈ ವಾರವೇ ಸಡಿಲಿಸಿ.

ಸರಿಮಾಡುವುದು ಕಷ್ಟವಲ್ಲ. ಟ್ಯಾಂಕ್ ಖಾಲಿ ಮಾಡಿ ಇಳಿಸಿ. ಬುಷ್‌ಗಳು ಹೊಸವಾ, ಸರಿ ಅಳತೆಯವಾ ನೋಡಿ. ಎಷ್ಟೋ ಸಲ ದಪ್ಪ ತಪ್ಪಿದ ಬುಷ್‌ನಿಂದಲೇ ತೂತು ಕೂಡುವುದಿಲ್ಲ. ಆಮೇಲೂ ವ್ಯತ್ಯಾಸ ಇದ್ದರೆ ಟ್ಯಾಂಕಿನ ಬ್ರಾಕೆಟ್ ತೂತನ್ನು ಕೈಯರದಿಂದ ಉದ್ದ ಮಾಡಿ. ಡ್ರಿಲ್, ಗ್ರೈಂಡರ್ ಬೇಡ, ಕಿಡಿ ಹಾರುತ್ತದೆ. ಫ್ರೇಮಿನ ತೂತನ್ನು ಮುಟ್ಟಲೇಬೇಡಿ. ಕೂರಿಸಿದ ಮೇಲೆ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ. ಲಿವರ್, ಸ್ವಿಚ್, ನಿಮ್ಮ ಬೆರಳು ಯಾವುದೂ ಟ್ಯಾಂಕಿಗೆ ತಾಗಬಾರದು. ಕೊನೆಗೆ ಎಂಜಿನ್ ಸ್ಟಾರ್ಟ್ ಮಾಡಿ, ಗಾಡಿ ನಿಲ್ಲಿಸಿಕೊಂಡೇ ಹ್ಯಾಂಡಲ್ ಆಚೀಚೆ ತಿರುಗಿಸಿ. ರೇಸ್ ತಾನಾಗಿಯೇ ಏರಿದರೆ ಆಕ್ಸಿಲರೇಟರ್ ಕೇಬಲ್ ಟ್ಯಾಂಕಿನ ಕೆಳಗೆ ಸಿಕ್ಕಿಕೊಂಡಿದೆ. ಹಾಗೇ ರಸ್ತೆಗೆ ಹೋದರೆ ತಿರುವಿನಲ್ಲಿ ಗಾಡಿ ನಿಮ್ಮ ಮಾತು ಕೇಳುವುದಿಲ್ಲ.

ನಕಲು ಟ್ಯಾಂಕ್ ತರಿಸುವ ಬೇರೆ ಓದುಗರಿಗೂ ಒಂದು ಮಾತು. ಬಣ್ಣ ಬಳಿಯದ, ಬರೀ ತಗಡಿನ ಟ್ಯಾಂಕ್ ಕೇಳಿ ತಗೊಳ್ಳಿ. ಮೊದಲು ಕೂರಿಸಿ ನೋಡಿ, ಆಮೇಲೆ ಸೋರಿಕೆ ಪರೀಕ್ಷೆ, ಬಣ್ಣ ಕೊನೆಗೆ. ಮಿರಿಮಿರಿ ಮಿಂಚುವ ಟ್ಯಾಂಕ್ ತರಿಸಿಕೊಂಡವರ ತೊಂದರೆ ಏನೆಂದರೆ, ಬಣ್ಣದ ಕೆಳಗೆ ಎಷ್ಟು ಪುಟ್ಟಿ ಇದೆ ಅಂತ ಕಾಣುವುದಿಲ್ಲ. ಒಂದು ಅಯಸ್ಕಾಂತ ಹಿಡಿದು ಸವರಿ. ಎಲ್ಲಿ ಹಿಡಿತ ಸಡಿಲವೋ ಅಲ್ಲಿ ಪುಟ್ಟಿ ದಪ್ಪ. ಕಾಕ್ ತಿರುಗಿಸಿ ಹಾಕುವ ಮರೆ (ಥ್ರೆಡ್) ನೇರವಾಗಿದೆಯಾ, ಕಾಕ್ ಕೈಯಲ್ಲೇ ಎರಡು ಮೂರು ಸುತ್ತು ಸಲೀಸಾಗಿ ಕೂರುತ್ತಾ ನೋಡಿ. ಹೊಸ ಟ್ಯಾಂಕ್ ಅಂದಮಾತ್ರಕ್ಕೆ ಒಳಗೆ ಸ್ವಚ್ಛ ಅಂತಲೂ ಅಲ್ಲ. ಕಬ್ಬಿಣದ ಪುಡಿ, ವೆಲ್ಡಿಂಗ್ ಕಾಳು, ಹಸಿ ತುಕ್ಕು ಎಲ್ಲ ಇರುತ್ತವೆ. ತೊಳೆಯದೆ ಹಾಕಿದರೆ ಅದೆಲ್ಲ ನೇರ ಜೆಟ್‌ಗೆ, ಅಂದರೆ ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿಗೆ.

ಸೋರಿಕೆ ಪರೀಕ್ಷೆಗೆ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹಿಡಿಯಬೇಡಿ. ಅದು 100 ಪಿಎಸ್‌ಐ ದಾಟುತ್ತದೆ, ಟ್ಯಾಂಕ್ ಬಲೂನಿನ ಹಾಗೆ ಉಬ್ಬುತ್ತದೆ. ಸೈಕಲ್ ಪಂಪಿನಿಂದ ಎರಡು ಪಿಎಸ್‌ಐ ದಾಟದಂತೆ ಗಾಳಿ ಕೊಟ್ಟು ಸೋಪು ನೀರು ಹಚ್ಚಿ. ಬರೀ ನೀರು ತುಂಬಿಸಿ ‘ಸೋರಲ್ಲ’ ಅಂತ ತೀರ್ಮಾನಿಸುವುದೂ ತಪ್ಪು. ನೀರು ನುಗ್ಗದ ಸಂದಿಯಲ್ಲಿ ಪೆಟ್ರೋಲ್ ನುಗ್ಗುತ್ತದೆ, ಅದರ ಮೇಲ್ಮೈ ಎಳೆತ ನೀರಿನದರ ಮೂರರಲ್ಲಿ ಒಂದು ಪಾಲು ಮಾತ್ರ. ಗಾಳಿ ಪರೀಕ್ಷೆ ಆದಮೇಲೆ ಸೀಮೆಎಣ್ಣೆ ತುಂಬಿ, ಜೋಡಣೆ ಉದ್ದಕ್ಕೂ ಸೀಮೆಸುಣ್ಣ ಬಳಿದು, ಒಂದು ಹಗಲು ಒಂದು ರಾತ್ರಿ ಬಿಡಿ. ಒದ್ದೆ ಗುರುತು ಬಿದ್ದ ಜಾಗವೇ ಸೋರುವ ಜಾಗ.

ಹಳೆ ಟ್ಯಾಂಕ್, ವೆಲ್ಡಿಂಗ್, ಫೈಬರ್

ಈಗ ಅಟ್ಟದ ಮೇಲಿನದು. ಕಾರ್ಖಾನೆಯಿಂದ ಬಂದ ಟ್ಯಾಂಕಿಗೆ ನಿಮ್ಮ ಫ್ರೇಮಿನ ಅಳತೆ ಸರಿಯಾಗಿಯೇ ಇರುತ್ತದೆ. ಎರಡು ಕಡೆ ಹನಿ ಸೋರುತ್ತಿತ್ತು ಅಂದರೆ ಅದು ಸತ್ತಿಲ್ಲ. ನನ್ನ ಕೆಲಸದಲ್ಲಿ ‘ಇದು ಹೋಯ್ತು’ ಅಂತ ತಂದ ಟ್ಯಾಂಕ್‌ಗಳಲ್ಲಿ ಹೆಚ್ಚಿನವು ಉಳಿದಿವೆ. ಉಳಿಯದಿರುವುದು ತಳದ ತಗಡು ಬೆರಳಲ್ಲಿ ಒತ್ತಿದರೆ ಕುಸಿಯುವಷ್ಟು ತೆಳ್ಳಗಾದಾಗ ಮಾತ್ರ. ಆಗಲೂ ತಳ ಕತ್ತರಿಸಿ ಹೊಸ ತಗಡು ಕೂರಿಸುವ ಕೈಗಳು ನಮ್ಮಲ್ಲಿವೆ.

ಎಂ-ಸೀಲ್ ಯಾಕೆ ನಿಲ್ಲಲಿಲ್ಲ? ಅದು ಹೊರಗಿನ ಬಣ್ಣವನ್ನೋ ತುಕ್ಕನ್ನೋ ಹಿಡಿದುಕೊಂಡಿತ್ತು, ಲೋಹವನ್ನಲ್ಲ. ಒಳಗಿನಿಂದ ತುಕ್ಕು ತಿನ್ನುತ್ತಲೇ ಇತ್ತು. ದಾರಿಯಲ್ಲಿ ಸೋರಿದಾಗ ಮನೆ ಸೇರಲು ಅದು ಒಳ್ಳೆ ಉಪಾಯ. ಅದಕ್ಕಿಂತ ಜಾಸ್ತಿ ನಂಬಬೇಡಿ.

ಚಿಕ್ಕಪ್ಪನ ವೆಲ್ಡಿಂಗ್ ಸಲಹೆ ತಪ್ಪಲ್ಲ. ಆದರೆ ಇಲ್ಲಿ ಜೀವದ ಪ್ರಶ್ನೆ ಇದೆ. ‘ಖಾಲಿ ಟ್ಯಾಂಕ್, ವರ್ಷಗಟ್ಟಲೆ ಒಣಗಿದೆ, ಏನಾಗಲ್ಲ’ ಅನ್ನುವ ಮಾತು ಬಹಳ ಅಪಾಯದ್ದು. ಹೊತ್ತಿಕೊಳ್ಳುವುದು ಪೆಟ್ರೋಲ್ ಅಲ್ಲ, ಅದರ ಆವಿ. ಗಾಳಿಯಲ್ಲಿ ಆವಿ ನೂರಕ್ಕೆ ಒಂದೂವರೆಯಿಂದ ಏಳೂವರೆ ಪಾಲು ಇದ್ದರೆ ಸಿಡಿಯುತ್ತದೆ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕಿನಲ್ಲಿ ಆ ಪ್ರಮಾಣ ಸುಲಭವಾಗಿ ಸಿಗುತ್ತದೆ. ಹಳೆ ಜಿಡ್ಡು, ತುಕ್ಕಿನ ಪದರದಲ್ಲಿ ಅಡಗಿದ ಪೆಟ್ರೋಲ್ ಜ್ವಾಲೆಯ ಬಿಸಿಗೆ ಮತ್ತೆ ಆವಿಯಾಗುತ್ತದೆ. ಟ್ಯಾಂಕನ್ನು ಬಿಸಿ ನೀರು, ಸೋಪಿನಲ್ಲಿ ಹಲವು ಸಲ ತೊಳೆದು, ಆಮೇಲೆ ಬೆಸೆಯುವ ಜಾಗ ಮೇಲೆ ಬರುವಂತೆ ಇಟ್ಟು, ಅದರ ಹತ್ತಿರದವರೆಗೂ ನೀರು ತುಂಬಬೇಕು. ಇಲ್ಲವೇ ಒಳಗೆ ಆರ್ಗಾನ್ ಅಥವಾ ಕಾರ್ಬನ್ ಡೈಆಕ್ಸೈಡ್ ಹಾಯಿಸುತ್ತಾ ಕೆಲಸ ಮಾಡಬೇಕು. ಗೇಟು ಕಿಟಕಿ ಮಾಡುವ ವೆಲ್ಡಿಂಗ್ ಶಾಪಿಗೆ ಕೊಡಬೇಡಿ. ಸಣ್ಣ ತೂತುಗಳಿಗೆ ರೇಡಿಯೇಟರ್ ರಿಪೇರಿ ಮಾಡುವವರ ಬೆಸುಗೆ ಚೆನ್ನಾಗಿ ನಿಲ್ಲುತ್ತದೆ, ಬಿಸಿಯೂ ಕಮ್ಮಿ, ತಗಡೂ ಸೊಟ್ಟಗಾಗುವುದಿಲ್ಲ. ಅವರಿಗೂ ಇದು ಪೆಟ್ರೋಲ್ ಟ್ಯಾಂಕ್ ಅಂತ ಹೇಳಿ, ತೊಳೆದದ್ದನ್ನು ತೋರಿಸಿ ಕೊಡಿ. ಇದನ್ನು ಮನೆಯಲ್ಲಿ ಮಾಡುವ ಯೋಚನೆಯೇ ಬೇಡ.

ಬೆಸುಗೆಗೆ ಮುಂಚೆ ತುಕ್ಕು ತೆಗೆಯಬೇಕು. ಬಚ್ಚಲು ತೊಳೆಯುವ ಆಸಿಡ್ ಸುರಿಯುವುದು ಬೇಡ. ಅದು ತುಕ್ಕಿನ ಜೊತೆ ಒಳ್ಳೆ ತಗಡನ್ನೂ ತಿನ್ನುತ್ತದೆ, ತೊಳೆದ ಕೂಡಲೇ ಹೊಸ ತುಕ್ಕು ಏಳುತ್ತದೆ. ಸಿಟ್ರಿಕ್ ಆಸಿಡ್, ಅಂದರೆ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಸಿಗುವ ಪುಡಿ, ನಿಧಾನ ಆದರೆ ಸಾಧು. ಲೀಟರ್ ಬಿಸಿ ನೀರಿಗೆ 50ರಿಂದ 100 ಗ್ರಾಂ ಬೆರೆಸಿ, ಟ್ಯಾಂಕ್ ತುಂಬಿಸಿ ಒಂದು ರಾತ್ರಿ ಬಿಡಿ. ಮೊದಲು ಒಳಗೆ ಒಂದು ಹಿಡಿ ನಟ್ಟುಗಳನ್ನು ಎಣಿಸಿ ಹಾಕಿ ಚೆನ್ನಾಗಿ ಕುಲುಕಿದರೆ ದಪ್ಪ ಪದರ ಉದುರುತ್ತದೆ. ಎಣಿಸಿಯೇ ಹೊರಗೆ ತೆಗೆಯಿರಿ. ಆಮೇಲೆ ಅಡುಗೆ ಸೋಡಾ ನೀರಿನಲ್ಲಿ ತೊಳೆದು, ತಕ್ಷಣ ಬಿಸಿಗಾಳಿಯಲ್ಲಿ ಒಣಗಿಸಿ, ಟೂಟಿ ಆಯಿಲ್ ಹಾಕಿ ಒಳಗೆಲ್ಲ ಹರಡಿ. ಬೆಸುಗೆಗೆ ಕೊಡುವ ಮುಂಚೆ ಈ ಎಣ್ಣೆಯನ್ನೂ ಸೋಪಿನಲ್ಲಿ ತೊಳೆದು ತೆಗೆಯಬೇಕು. ಒಣಗಿಸುವುದರಲ್ಲಿ ಅರ್ಧ ಗಂಟೆ ತಡ ಆದರೂ ಕಿತ್ತಳೆ ಬಣ್ಣದ ಪುಡಿ ಮತ್ತೆ ಕಾಣುತ್ತದೆ.

ಟ್ಯಾಂಕ್ ಒಳಗೆ ಸುರಿದು ಹರಡುವ ಎಪಾಕ್ಸಿ ಲೇಪದ ಬಗ್ಗೆಯೂ ಕೇಳುತ್ತೀರಿ, ಗೊತ್ತು. ತಗಡು ಗಟ್ಟಿ ಇದ್ದು ತೂತು ಬೆಸೆದಿದ್ದರೆ ನಾನು ಲೇಪ ಹಾಕಿಸುವುದಿಲ್ಲ. ಜಿಡ್ಡು ಅಥವಾ ತೇವ ಸ್ವಲ್ಪ ಉಳಿದಿದ್ದರೂ ಅದು ಹಾಳೆಯಂತೆ ಎದ್ದು ಬರುತ್ತದೆ. ಆಗ ಕಾಕ್ ಕಟ್ಟುತ್ತದೆ, ಬಿಡಿಸುವುದು ತುಕ್ಕು ತೆಗೆಯುವುದಕ್ಕಿಂತ ಹತ್ತು ಪಟ್ಟು ಕಷ್ಟ. ತಳದಲ್ಲಿ ಸೂಜಿ ಚುಚ್ಚಿದಂತೆ ತುಂಬ ತೂತುಗಳಿದ್ದು ಬೇರೆ ದಾರಿ ಇಲ್ಲ ಅನ್ನಿಸಿದರೆ ಮಾತ್ರ ಹಾಕಿಸಿ. ಎಥನಾಲ್ ತಡೆಯುತ್ತದೆ ಅಂತ ಡಬ್ಬಿಯ ಮೇಲೆ ಬರೆದಿರುವ ಎರಡು ಭಾಗದ ಎಪಾಕ್ಸಿಯೇ ಇರಲಿ.

ಫೈಬರ್ ಟ್ಯಾಂಕ್ ಬೇಡ. ಇದರಲ್ಲಿ ನನಗೆ ಎರಡನೇ ಮಾತಿಲ್ಲ. 1960ರ ಕೊನೆ, 70ರ ದಶಕದಲ್ಲಿ ಬ್ರಿಟನ್ನಿನ ನಾರ್ಟನ್ ಕಮಾಂಡೋದಂಥ ಬೈಕ್‌ಗಳಿಗೆ ಕಾರ್ಖಾನೆಯವರೇ ಫೈಬರ್ ಟ್ಯಾಂಕ್ ಹಾಕಿದ್ದರು. ಪೆಟ್ರೋಲ್‌ಗೆ ಎಥನಾಲ್ ಸೇರಿದ ಮೇಲೆ ಅಂಥ ಟ್ಯಾಂಕ್‌ಗಳ ರಾಳ ಮೆತ್ತಗಾಗಿ, ಕರಗಿ, ಕಾರ್ಬುರೇಟರ್ ಒಳಗೆ ಅಂಟಾಗಿ ಕೂತದ್ದು ಅಲ್ಲಿನ ಹಳೆ ಬೈಕ್ ಸವಾರರಿಗೆಲ್ಲ ಗೊತ್ತಿರುವ ನೋವು. ಆಗ ಹಾಕಿದ್ದು ಕಾರ್ಖಾನೆ, ಈಗ ನಮ್ಮಲ್ಲಿ ಸಿಗುವುದು ಯಾವ ರಾಳ ಅಂತ ಮಾಡಿದವರೇ ಹೇಳದ ಮಾಲು. ಬಿದ್ದಾಗ ತಗಡು ನೆಗ್ಗುತ್ತದೆ, ಫೈಬರ್ ಸೀಳುತ್ತದೆ. ಪೆಟ್ರೋಲ್ ತುಂಬಿದ ಟ್ಯಾಂಕ್ ನಿಮ್ಮ ಎರಡು ತೊಡೆಗಳ ಮಧ್ಯೆ ಇರುತ್ತದೆ, ಮರೆಯಬೇಡಿ.

ಇ20 ವಿಷಯ

ಇ20 ಪೆಟ್ರೋಲ್ ಬಿಡುಗಡೆಯಾದದ್ದು 2023ರ ಫೆಬ್ರುವರಿಯಲ್ಲಿ, ನಮ್ಮ ಬೆಂಗಳೂರಿನಲ್ಲೇ. ನಿಮ್ಮ ಗಾಡಿ ದಾರಿಯಲ್ಲಿ ನಿಲ್ಲುವುದಕ್ಕೆ ಅದು ಕಾರಣವಲ್ಲ. ಆದರೆ ಟ್ಯಾಂಕಿನ ಆಯಸ್ಸಿಗೂ ಅದಕ್ಕೂ ಸಂಬಂಧ ಇದೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ನೀರು ಒಂದು ಮಿತಿ ದಾಟಿದರೆ ಎಥನಾಲ್ ಮತ್ತು ನೀರು ಜೊತೆಯಾಗಿ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಟೂಟಿ ಆಯಿಲ್ ಮೇಲಿನ ಪೆಟ್ರೋಲ್‌ನಲ್ಲೇ ಉಳಿಯುತ್ತದೆ. ಅಂದರೆ ತಳದ ತಗಡಿಗೆ ತುಕ್ಕು, ಕಾಕ್ ತೆರೆದರೆ ಎಂಜಿನ್‌ಗೆ ಮೊದಲು ಹೋಗುವುದು ಎಣ್ಣೆಯೇ ಇಲ್ಲದ ನೀರು. ಟೂ ಸ್ಟ್ರೋಕ್‌ಗೆ ಇದಕ್ಕಿಂತ ಕೆಟ್ಟದ್ದು ಇಲ್ಲ. ವಾರಕ್ಕೊಮ್ಮೆ ಓಡಿಸಿ ಪೆಟ್ರೋಲ್ ಖರ್ಚಾಗುತ್ತಿದ್ದರೆ ಹೆದರಬೇಕಾಗಿಲ್ಲ. ಮಳೆಗಾಲ ಪೂರ್ತಿ ನಿಲ್ಲಿಸುವುದಾದರೆ ಟ್ಯಾಂಕ್, ಕಾರ್ಬುರೇಟರ್ ಎರಡನ್ನೂ ಖಾಲಿ ಮಾಡಿ, ಟ್ಯಾಂಕ್ ಒಳಗೆ ಎಣ್ಣೆ ಸವರಿಡಿ. ಅರ್ಧ ಟ್ಯಾಂಕ್ ಬಿಟ್ಟು ಮರೆಯುವುದೇ ತುಕ್ಕಿಗೆ ಕರೆ. ಎಥನಾಲ್‌ನಿಂದ ಎಂಜಿನ್‌ಗೆ ಹೋಗುವ ಗಾಳಿ-ಪೆಟ್ರೋಲ್ ಮಿಶ್ರಣ ಸ್ವಲ್ಪ ತೆಳುವಾಗುತ್ತದೆ. ಪ್ಲಗ್ ಬೆಳ್ಳಗೆ ಕಂಡರೆ ಮೈನ್ ಜೆಟ್ ಒಂದು ಅಳತೆ ದೊಡ್ಡದು ಹಾಕಿಸಿ. ಪೆಟ್ರೋಲ್‌ಗೆ ನೀರು ಬೆರೆಸಿ ಎಥನಾಲ್ ಬೇರೆ ಮಾಡುವ ವಿಡಿಯೋಗಳನ್ನು ನೋಡಿ ಮನೆಯಲ್ಲಿ ಪ್ರಯತ್ನಿಸಬೇಡಿ.

ನೀವು ಕೇಳದಿದ್ದರೂ ಕಾಗದಪತ್ರದ ಬಗ್ಗೆ ಒಂದು ಮಾತು. ಅದೇ ಮಾದರಿಯ ಟ್ಯಾಂಕ್ ಹಾಕಿದರೆ ಆರ್‌ಸಿಯಲ್ಲಿ ಏನೂ ಬದಲಾಗುವುದಿಲ್ಲ. ಬಣ್ಣ ಬೇರೆ ಮಾಡಿಸಿದರೆ ಆರ್‌ಟಿಒಗೆ ತಿಳಿಸಬೇಕು, ಯಾಕೆಂದರೆ ಆರ್‌ಸಿಯಲ್ಲಿ ಬಣ್ಣವೂ ಬರೆದಿರುತ್ತದೆ. 2021ರಲ್ಲಿ ಕೇಂದ್ರ ಸರಕಾರ ತಂದ ವಿಂಟೇಜ್ ವಾಹನ ನಿಯಮ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಗಾಡಿಗಳಿಗೆ. ನಿಮ್ಮದಕ್ಕೆ 50 ತುಂಬುವುದು 2038ರಲ್ಲಿ. ಆ ಹೊತ್ತಿಗೆ ಒರಿಜಿನಲ್ ಟ್ಯಾಂಕ್ ಕೈಯಲ್ಲಿದ್ದರೆ ಒಳ್ಳೆಯದಲ್ವಾ? ಹಳೇದೇ ಇನ್ನೊಂದು ಬೇಕು ಅಂತ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಕಡೆ ಹುಡುಕುವುದಾದರೆ ಬಿಲ್ ಕೇಳಿ ತಗೊಳ್ಳಿ. ಟ್ಯಾಂಕಿನ ಮೇಲೆ ಚಾಸಿಸ್ ನಂಬರ್ ಇರುವುದಿಲ್ಲ, ಕದ್ದ ಮಾಲೂ ಅದರಲ್ಲಿ ಸೇರಿಹೋಗುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿದ್ದೆ. ಇವತ್ತೇ ಕ್ಯಾಪ್ ಪರೀಕ್ಷೆ. ಅದು ಸರಿಹೋಗುವ ತನಕ ಟ್ಯಾಂಕನ್ನು ಮುಕ್ಕಾಲಿಗಿಂತ ಜಾಸ್ತಿ ತುಂಬಿಸಬೇಡಿ. ಈ ವಾರ ಬೋಲ್ಟ್ ಸಡಿಲಿಸಿ, ಬುಷ್ ಹಾಕಿ, ನಕಲು ಟ್ಯಾಂಕನ್ನು ಸೆಟೆತ ಇಲ್ಲದೆ ಕೂರಿಸಿ ಸದ್ಯಕ್ಕೆ ಓಡಿಸಿ. ಆ ನಡುವೆ ಹಳೆ ಟ್ಯಾಂಕ್ ನಿಧಾನವಾಗಿ ತೊಳೆದು, ಬೆಸುಗೆ ಹಾಕಿಸಿ, ಪರೀಕ್ಷೆ ಮಾಡಿ ಬಣ್ಣಕ್ಕೆ ಕೊಡಿ. ಅದು ತಯಾರಾದಾಗ ಬದಲಿಸಿ. ಕ್ಯಾಪ್ ತೆರೆದೂ ಗಾಡಿ ಸ್ಟಾರ್ಟ್ ಆಗದಿದ್ದರೆ ಮತ್ತೆ ಬರೆಯಿರಿ. ನಿಂತಾಗ ಕಿಡಿ ಇತ್ತಾ, ಪ್ಲಗ್ ಒದ್ದೆ ಇತ್ತಾ ಒಣಗಿತ್ತಾ, ಮುಗ್ಗರಿಸಿ ನಿಂತಿತಾ ಒಮ್ಮೆಲೇ ನಿಂತಿತಾ, ಇಷ್ಟನ್ನೂ ಅದರಲ್ಲಿ ಸೇರಿಸಿ.